ಜೋತುಬಿದ್ದ ಬೇಲಿ: ಐದು ಎಕರೆ ಹುಲ್ಲುಗಾವಲಿನ ಒಂದು ಪ್ರಕರಣ

ಜಾಗ ಐದು ಎಕರೆ ಹುಲ್ಲುಗಾವಲು. ಉದ್ದ ಸುಮಾರು 180 ಮೀಟರ್, ಅಗಲ 110. ಸುತ್ತಲೂ ನಾಲ್ಕು ಎಳೆಯ ಮುಳ್ಳುತಂತಿ ಬೇಲಿ. ಒಳಗೆ ಹನ್ನೆರಡು ಹಸು, ಅವುಗಳ ಕರುಗಳು, ಎರಡು ಕಡಸು, ಒಂದು ಹೋರಿ. ಬೇಲಿ ಹಾಕಿ ನಾಲ್ಕು ವರ್ಷವೂ ತುಂಬಿರಲಿಲ್ಲ. ಅಷ್ಟರಲ್ಲೇ ತಂತಿ ಜೋತುಬಿದ್ದು, ಕಡಸುಗಳು ನಡುವಿನ ಎಳೆಗಳ ಮಧ್ಯೆ ತಲೆ ತೂರಿಸಿ ಆರಾಮಾಗಿ ಹೊರಗೆ ಹೋಗುತ್ತಿದ್ದವು. ಒಂದು ಹಸುವಿನ ಕೆಚ್ಚಲಿಗೆ ಮುಳ್ಳು ತರಚಿ ಗಾಯವೂ ಆಗಿತ್ತು.

ಜಾಗದ ಯಜಮಾನರು ಸುಮ್ಮನೆ ಕೂತವರಲ್ಲ. ಎರಡು ಸಲ ತಂತಿಯನ್ನು ಮತ್ತೆ ಎಳೆಸಿ ಬಿಗಿ ಮಾಡಿಸಿದ್ದರು. ಎರಡು ಸಲವೂ ಕೆಲವೇ ತಿಂಗಳಲ್ಲಿ ತಂತಿ ಮತ್ತೆ ಸಡಿಲ. ನನ್ನನ್ನು ಕರೆಸುವ ಹೊತ್ತಿಗೆ ಅವರು ಒಂದು ತೀರ್ಮಾನಕ್ಕೆ ಬಂದಾಗಿತ್ತು. "ತಂತಿ ಕಳಪೆ. ಇದರ ಮೇಲೇ ಇನ್ನೆರಡು ಎಳೆ ಒಳ್ಳೆ ತಂತಿ ಹಾಕಿಬಿಟ್ಟರೆ ಸರಿಹೋಗುತ್ತೆ ಅಲ್ವಾ?" ಅಂದರು.

ತಂತಿ ಕಳಪೆ ಅನ್ನುವುದು ನಿಜವೇ ಆಗಿತ್ತು. ಆದರೆ ಬೇಲಿ ಬಿದ್ದದ್ದು ಅದರಿಂದಲ್ಲ. ಇನ್ನೆರಡು ಎಳೆ ಸೇರಿಸಿದ್ದರೆ ಬೇಲಿ ಇನ್ನೂ ಬೇಗ ಬೀಳುತ್ತಿತ್ತು.

ಮೊದಲು ನೋಡಿದ್ದು ಮೂಲೆಗಳನ್ನು

ತಂತಿ ಮುಟ್ಟುವ ಮೊದಲು ನಾಲ್ಕೂ ಮೂಲೆಗಂಬಗಳಿಗೆ ತೂಗುಗುಂಡು ಹಿಡಿದೆವು. ಯಾವುದೂ ನೆಟ್ಟಗಿರಲಿಲ್ಲ. ಕಂಬದ ತುದಿ ಒಳಕ್ಕೆ 7 ಸೆಂಟಿಮೀಟರಿನಿಂದ 12 ಸೆಂಟಿಮೀಟರ್ ತನಕ ವಾಲಿತ್ತು. ಕಣ್ಣಿಗೆ ಇದು ಅಷ್ಟೇನೂ ಕಾಣುವುದಿಲ್ಲ. ಲೆಕ್ಕ ಹಾಕಿದರೆ ಮಾತ್ರ ಗಾಬರಿಯಾಗುತ್ತದೆ.

2.5 ಮಿಲಿಮೀಟರ್ ದಪ್ಪದ ಎರಡು ತಂತಿ ತಿರುಚಿ ಮಾಡಿದ ಮಾಮೂಲಿ ಮುಳ್ಳುತಂತಿಯನ್ನು ಸರಿಯಾಗಿ ಬಿಗಿದರೆ ಒಂದೊಂದು ಎಳೆಯಲ್ಲಿ ಸುಮಾರು 110 ಕೆಜಿಯಷ್ಟು ಎಳೆತ ಇರುತ್ತದೆ. ಅಷ್ಟು ಎಳೆತಕ್ಕೆ 180 ಮೀಟರ್ ಉದ್ದದ ತಂತಿ ಎಷ್ಟು ಹಿಗ್ಗುತ್ತದೆ ಗೊತ್ತಾ? ಸುಮಾರು 10 ಸೆಂಟಿಮೀಟರ್. ತಿರುಚಿದ ತಂತಿಯಾದ್ದರಿಂದ ಒಂದೆರಡು ಸೆಂಟಿಮೀಟರ್ ಜಾಸ್ತಿ ಇರಬಹುದು, ಅಷ್ಟೆ. ಬೇಲಿಯ ಬಿಗಿಯೆಲ್ಲ ಇರುವುದು ಆ ಇಷ್ಟು ಹಿಗ್ಗುವಿಕೆಯಲ್ಲೇ. ಈ ಕಡೆಯ ಕಂಬ 6 ಸೆಂಟಿಮೀಟರ್, ಆ ಕಡೆಯ ಕಂಬ 6 ಸೆಂಟಿಮೀಟರ್ ಒಳಕ್ಕೆ ಬಂದರೆ ಲೆಕ್ಕ ಮುಗಿಯಿತು. ತಂತಿ ಎಷ್ಟೇ ಒಳ್ಳೆಯದಿರಲಿ, ಅದರಲ್ಲಿ ಬಿಗಿ ಉಳಿಯುವುದಿಲ್ಲ.

ಮತ್ತೆ ಎಳೆದು ಬಿಗಿ ಮಾಡಿದರೆ ಏನಾಗುತ್ತದೆ? ಮೊದಲೇ ಸಡಿಲವಾದ ಮಣ್ಣಿನಲ್ಲಿ ನಿಂತ ಕಂಬವನ್ನು ಇನ್ನಷ್ಟು ಎಳೆದ ಹಾಗೆ. ಕಂಬ ಇನ್ನೊಂದಿಷ್ಟು ವಾಲುತ್ತದೆ. ಎರಡು ಸಲ ಬಿಗಿ ಮಾಡಿಸಿದ್ದು ಎರಡು ಸಲವೂ ವ್ಯರ್ಥವಾದದ್ದು ಹೀಗೆ.

ನಾಲ್ಕು ಎಳೆ ಎಂದರೆ ಒಂದು ಕಡೆಯಿಂದ ಕಂಬದ ಮೇಲೆ 440 ಕೆಜಿ ಎಳೆತ. ಆರು ಎಳೆ ಮಾಡಿದ್ದರೆ 660. ಮೂಲೆಯಲ್ಲಿ ಎರಡು ಕಡೆಯಿಂದಲೂ ತಂತಿ ಬರುವುದರಿಂದ ಕಂಬವನ್ನು ಹೊಲದ ಒಳಕ್ಕೆ ಎಳೆಯುವ ಒಟ್ಟು ಬಲ ಇದರ ಒಂದೂಕಾಲು ಪಟ್ಟಿಗಿಂತಲೂ ಜಾಸ್ತಿ, ಹತ್ತಿರ ಹತ್ತಿರ ಒಂದೂವರೆ ಪಟ್ಟು. ಈ ಲೆಕ್ಕವನ್ನು ಮಣ್ಣಿನ ಮೇಲೇ ಕಡ್ಡಿಯಲ್ಲಿ ಬರೆದು ತೋರಿಸಿದ ಮೇಲೆ ಯಜಮಾನರು ಇನ್ನೆರಡು ಎಳೆಯ ಮಾತು ಬಿಟ್ಟರು.

ಹಳೆಯ ಮೂಲೆಗಂಬಗಳಲ್ಲಿ ಎರಡಕ್ಕೆ ಆಸರೆಯೇ ಇರಲಿಲ್ಲ. ಸುಮ್ನೆ ಗುಂಡಿ ತೋಡಿ, ಕಂಬ ಇಳಿಸಿ, ಕಾಂಕ್ರೀಟ್ ಸುರಿದು ಬಿಟ್ಟಿದ್ದರು. ಉಳಿದ ಎರಡಕ್ಕೆ ಒಂದೊಂದು ಓರೆಗಂಬ ಕೊಟ್ಟಿದ್ದರು. ಆದರೆ ಅದು ತೀರಾ ಗಿಡ್ಡ, ತೀರಾ ಕಡಿದಾದ ಓರೆ. ಇಂಥ ಓರೆಗಂಬ ಆಸರೆ ಆಗುವ ಬದಲು ಜಾಕ್ ಆಗುತ್ತದೆ. ತಂತಿ ಎಳೆದಷ್ಟೂ ಅದು ಮೂಲೆಗಂಬವನ್ನು ಮೇಲಕ್ಕೆ ಎತ್ತುತ್ತದೆ. ಇಲ್ಲಿ ಒಂದು ಕಂಬದ ಬುಡದಲ್ಲಿ ಮೊದಲಿನ ಮಣ್ಣಿನ ಗುರುತು ನೆಲದಿಂದ ನಾಲ್ಕು ಬೆರಳು ಮೇಲೆ ಬಂದಿತ್ತು.

ಇನ್ನು ಕಾಂಕ್ರೀಟಿನ ವಿಷಯ. ಮರದ ಕಂಬದ ಸುತ್ತ ಕಾಂಕ್ರೀಟ್ ಬಟ್ಟಲು ಮಾಡಿದರೆ ಗಟ್ಟಿ ಅನ್ನಿಸುತ್ತದೆ, ನಿಜ. ಆದರೆ ಮರ ಒಣಗಿ ಸ್ವಲ್ಪ ಕುಗ್ಗಿದ ಮೇಲೆ ಮರಕ್ಕೂ ಕಾಂಕ್ರೀಟಿಗೂ ನಡುವೆ ಸಂದು ಬೀಳುತ್ತದೆ. ಮಳೆನೀರು ಅಲ್ಲಿ ಇಳಿದು ನಿಲ್ಲುತ್ತದೆ. ಕಂಬ ಕೊಳೆಯುವುದು ಬಹುತೇಕ ನೆಲಮಟ್ಟದ ಆಚೀಚೆ ಒಂದು ಗೇಣಿನಲ್ಲಿ, ಏಕೆಂದರೆ ತೇವ ಮತ್ತು ಗಾಳಿ ಎರಡೂ ಒಟ್ಟಿಗೆ ಸಿಗುವುದು ಅಲ್ಲೇ. ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿದಾಗ ಒಂದು ಮೂಲೆಗಂಬದಲ್ಲಿ ಅದು ಹಿಡಿಯ ತನಕ ಒಳಗೆ ಹೋಯಿತು.

ಉಳಿದ ಕಾಯಿಲೆಗಳು

ಬೇಲಿಯುದ್ದಕ್ಕೂ ನಡೆದು ನೋಡಿದಾಗ ಇನ್ನೂ ಮೂರು ಕಡೆ ತೊಂದರೆ ಕಂಡಿತು.

ಒಂದು, ತಗ್ಗು. ಉದ್ದದ ಒಂದು ಬದಿಯಲ್ಲಿ ನೆಲ ಇಳಿದು ಒಂದು ಸಣ್ಣ ತೋಡು ದಾಟಿ ಮತ್ತೆ ಏರುತ್ತದೆ. ಮಳೆ ಬಂದಾಗ ಮಾತ್ರ ನೀರು ಹರಿಯುವ ತೋಡು. ಅಲ್ಲಿನ ಕಂಬ ಪೂರ್ತಿ ಕಿತ್ತು ಬಂದು ತಂತಿಯಲ್ಲೇ ನೇತಾಡುತ್ತಿತ್ತು. ಇದು ಹಸುಗಳ ಕೆಲಸವಲ್ಲ, ತಂತಿಯದ್ದೇ ಕೆಲಸ. ಬಿಗಿದ ತಂತಿ ಯಾವಾಗಲೂ ನೇರವಾಗಲು ನೋಡುತ್ತದೆ. ತಗ್ಗಿನ ಎರಡೂ ಬದಿ 7 ಮೀಟರಿಗೆ 1 ಮೀಟರಿನಂತೆ ಇಳಿಜಾರಿದ್ದರೆ, ಒಂದೊಂದು ಎಳೆಯೂ ಕೆಳಗಿನ ಕಂಬವನ್ನು ಸುಮಾರು 30 ಕೆಜಿ ಬಲದಿಂದ ಮೇಲಕ್ಕೆ ಎತ್ತುತ್ತದೆ. ನಾಲ್ಕು ಎಳೆಗೆ 120 ಕೆಜಿ. ಎರಡಡಿ ಆಳದಲ್ಲಿ, ಅದೂ ನೆನೆದ ಮಣ್ಣಿನಲ್ಲಿ ನಿಂತ ಕಂಬ ಇದನ್ನು ತಡೆಯುವುದು ಕಷ್ಟ. ದಿಬ್ಬದ ಮೇಲೆ ಇದಕ್ಕೆ ತದ್ವಿರುದ್ಧ. ಅಲ್ಲಿ ತಂತಿ ಕಂಬವನ್ನು ಕೆಳಕ್ಕೆ ಒತ್ತುತ್ತದೆ, ಹಾಗಾಗಿ ದಿಬ್ಬದ ಕಂಬಗಳು ಗಟ್ಟಿಯಾಗೇ ಇದ್ದವು.

ಎರಡು, ಮರಗಳು. ಒಂದು ಬದಿಯಲ್ಲಿ ಕಂಬ ಉಳಿಸಲು ಬೆಳೆದ ಮರಗಳಿಗೇ ಮೊಳೆ ಹೊಡೆದು ತಂತಿ ಕಟ್ಟಿದ್ದರು. ಮರ ದಪ್ಪವಾಗುತ್ತಾ ತಂತಿಯನ್ನು ನುಂಗಿಬಿಟ್ಟಿತ್ತು. ಗಾಳಿಗೆ ಮರ ತೂಗುವಾಗೆಲ್ಲ ತಂತಿ ಹಿಂದೆ ಮುಂದೆ ಎಳೆದಾಡಿ, ಮರದ ಅಂಚಿನಲ್ಲೇ ಎರಡು ಎಳೆ ತುಂಡಾಗಿದ್ದವು. ಮುಂದೆ ಯಾವತ್ತೋ ಆ ಮರ ಕೊಯ್ಯುವವನ ಗರಗಸಕ್ಕೂ ಅದು ಅಪಾಯ.

ಮೂರು, ನೀರಿನ ತೊಟ್ಟಿ. ಅದು ಬೇಲಿಗೆ ಅಂಟಿಕೊಂಡೇ ಇತ್ತು. ಹನ್ನೆರಡು ಹಸು ಒಟ್ಟಿಗೆ ನೀರಿಗೆ ನುಗ್ಗಿದರೆ ಹೊರಗಿನವು ಒಳಗಿನವನ್ನು ಬೇಲಿಗೆ ಒತ್ತುತ್ತವೆ. ಅದರ ಮೇಲೆ ಹೋರಿ ಅಲ್ಲೇ ಕಂಬಕ್ಕೆ ಕುತ್ತಿಗೆ ಉಜ್ಜುವುದನ್ನು ಅಭ್ಯಾಸ ಮಾಡಿಕೊಂಡಿತ್ತು. ತಂತಿ ಬಿಗಿ ಮಾಡುವುದಕ್ಕಿಂತ ಮೊದಲು ತೊಟ್ಟಿಯನ್ನು ಹತ್ತು ಮೀಟರ್ ಒಳಗೆ ತಂದೆವು. ಇಡೀ ಪ್ರಕರಣದಲ್ಲಿ ಅತ್ಯಂತ ಸುಲಭವಾದ ಪರಿಹಾರ ಇದೇ.

ಏನು ಮಾಡಬಾರದು ಎಂಬ ಚರ್ಚೆ

ತಂತಿಗೆ ಕರೆಂಟ್ ಕೊಡೋಣ ಎಂಬ ಸಲಹೆಯನ್ನು ಮನೆಯ ಹುಡುಗ ಕೊಟ್ಟ. ವಿದ್ಯುತ್ ಬೇಲಿ ಒಳ್ಳೆಯದೇ, ಆದರೆ ನಯವಾದ ತಂತಿಗೆ ಮಾತ್ರ. ಮುಳ್ಳುತಂತಿಗೆ ಕೊಡಲೇಬಾರದು. ಶಾಕ್ ಹೊಡೆದಾಗ ಪ್ರಾಣಿ ಹಿಂದೆ ಸರಿಯಬೇಕು, ಅದೇ ಆ ಬೇಲಿಯ ಉಪಾಯ. ಮುಳ್ಳಿಗೆ ಚರ್ಮ ಸಿಕ್ಕಿಕೊಂಡ ಪ್ರಾಣಿ ಹಿಂದೆ ಸರಿಯಲಾರದೆ ಮತ್ತೆ ಮತ್ತೆ ಶಾಕ್ ತಿನ್ನುತ್ತದೆ. ಮನುಷ್ಯನ ಗತಿಯೂ ಅದೇ.

ಮುಳ್ಳುತಂತಿ ಬೇಡವೇ ಬೇಡ ಎಂಬ ಆಯ್ಕೆಯೂ ನಮ್ಮ ಮುಂದಿತ್ತು. ಕುದುರೆ ಇದ್ದಿದ್ದರೆ ನಾನೇ ಬೇಡ ಅನ್ನುತ್ತಿದ್ದೆ. ಕುದುರೆ ಬೆದರಿದರೆ ನೋಡದೆ ಓಡುತ್ತದೆ, ತಂತಿಗೆ ಸಿಕ್ಕಿದರೆ ಒದ್ದಾಡಿ ಕಾಲನ್ನೇ ಸೀಳಿಕೊಳ್ಳುತ್ತದೆ. ಆಡಿಗೆ ಇದು ಬೇಲಿಯೇ ಅಲ್ಲ, ನುಸುಳಿ ಹೋಗುತ್ತದೆ. ಕುರಿಯ ಉಣ್ಣೆ ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ. ಆದರೆ ಇಲ್ಲಿರುವುದು ದನಗಳು. ಅವುಗಳ ಚರ್ಮ ದಪ್ಪ, ಸ್ವಭಾವ ನಿಧಾನ. ಒಮ್ಮೆ ಮುಳ್ಳು ತಾಗಿದರೆ ನೆನಪಿಟ್ಟುಕೊಳ್ಳುತ್ತವೆ. ಬೇಲಿ ಬಿಗಿಯಾಗಿದ್ದರೆ ಮಾತ್ರ, ಅನ್ನಿ. ಗಾಯ ಮಾಡುವುದು ಬಹುಪಾಲು ಸಡಿಲ ತಂತಿಯೇ. ಕೆಚ್ಚಲಿಗೆ ಗಾಯವಾದ ಹಸುವೂ ಜೋತುಬಿದ್ದ ಎಳೆ ದಾಟಲು ಹೋಗಿಯೇ ಗಾಯ ಮಾಡಿಕೊಂಡದ್ದು.

ಕಲ್ಲುಕಂಬ ಹಾಕಿದರೆ ಹೇಗೆ ಎಂದು ಯಜಮಾನರು ಕೇಳಿದರು. ಸಾಲಿಗೆ ಬಹಳ ಒಳ್ಳೆಯದು. ಕೊಳೆಯುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ಆದರೆ ಕಲ್ಲು ಒತ್ತಡ ತಡೆಯುತ್ತದೆ, ಬಾಗುವುದನ್ನು ತಡೆಯುವುದಿಲ್ಲ. ಆಸರೆ ಇಲ್ಲದೆ ಮೂಲೆಗೆ ನಿಲ್ಲಿಸಿದರೆ ನೆಲಮಟ್ಟದಲ್ಲಿ ಪಟ್ಟನೆ ಮುರಿಯುತ್ತದೆ. ಅವರ ಬಳಿ ಚೇಗು ತುಂಬಿದ ಒಳ್ಳೆಯ ಮರದ ಕಂಬಗಳು ಸಿಗುವಂತಿದ್ದುದರಿಂದ ಮರವನ್ನೇ ಆರಿಸಿಕೊಂಡೆವು.

ಮೂಲೆ ಕಟ್ಟಿದ ರೀತಿ

ಈ ಕೆಲಸದ ಅರ್ಧ ಶ್ರಮ ಹೋದದ್ದು ಮೂಲೆಗಳಿಗೆ. ಹೋಗಬೇಕಾದದ್ದೂ ಅಲ್ಲಿಗೇ.

ಒಂದೊಂದು ಮೂಲೆಗೂ ಮೂರು ದಪ್ಪ ಕಂಬ. ನಡುವೆ ಮೂಲೆಗಂಬ, ಅದರಿಂದ ಎರಡೂ ಬೇಲಿಸಾಲಿನ ದಿಕ್ಕಿಗೆ ಒಂದೊಂದು ಆಸರೆಗಂಬ. ಕಂಬದ ದಪ್ಪ 18ರಿಂದ 20 ಸೆಂಟಿಮೀಟರ್, ಉದ್ದ 2.5 ಮೀಟರ್. ಅದರಲ್ಲಿ 1.2 ಮೀಟರ್ ನೆಲದೊಳಗೆ. ಅರ್ಧ ಕಂಬವನ್ನು ಹುಗಿದುಬಿಟ್ಟರೆ ಮರ ದಂಡ ಎಂದು ಅಲ್ಲಿದ್ದವರಿಗೆ ಅನ್ನಿಸಿತು. ಆದರೆ ಮೂಲೆಗೆ ಆಳವೇ ಜೀವ.

ಮೂಲೆಗಂಬಕ್ಕೂ ಆಸರೆಗಂಬಕ್ಕೂ ನಡುವೆ, ತುದಿಯಿಂದ ಒಂದು ಗೇಣು ಕೆಳಗೆ, ಒಂದು ಅಡ್ಡಮರ. ಎರಡು ಕಂಬ ಮತ್ತು ಅಡ್ಡಮರ ಸೇರಿ ಇಂಗ್ಲಿಷಿನ ಎಚ್ ಅಕ್ಷರದ ಹಾಗೆ ಕಾಣುತ್ತದೆ. ಅಡ್ಡಮರವನ್ನು ಬರೀ ಮೊಳೆಯಿಂದ ಹೊಡೆದರೆ ಸಾಲದು. ಕಂಬದಲ್ಲಿ ತೂತು ಕೊರೆದು, ಬೆರಳು ದಪ್ಪದ ಕಬ್ಬಿಣದ ಸರಳು ತೂರಿಸಿ, ಅಡ್ಡಮರದ ತುದಿಯನ್ನು ಅದರ ಮೇಲೆ ಕೂರಿಸಿದೆವು.

ಅಡ್ಡಮರದ ಉದ್ದ 2.4 ಮೀಟರ್. ಬೇಲಿಯ ಎತ್ತರದ ಎರಡು ಪಟ್ಟಾದರೂ ಇರಬೇಕು ಎನ್ನುವುದು ರೂಢಿಯ ನಿಯಮ. ಇದಕ್ಕೆ ಕಾರಣವಿದೆ. ಹೊಸ ಬೇಲಿಗೆ ಐದು ಎಳೆ; ಅವುಗಳ 550 ಕೆಜಿ ಎಳೆತ ನೆಲದಿಂದ ಸರಾಸರಿ 75 ಸೆಂಟಿಮೀಟರ್ ಎತ್ತರದಲ್ಲಿ ಬೀಳುತ್ತದೆ ಎಂದುಕೊಳ್ಳಿ. ಅಡ್ಡಮರ 2.4 ಮೀಟರ್ ಇದ್ದರೆ ಮೂಲೆಗಂಬವನ್ನು ಮೇಲಕ್ಕೆತ್ತುವ ಬಲ ಸುಮಾರು 170 ಕೆಜಿ. ಅದನ್ನೇ 1.2 ಮೀಟರ್ ಮಾಡಿದರೆ ಬಲ 340 ದಾಟುತ್ತದೆ. ಮರ ಉಳಿಸಲು ಅಡ್ಡಮರವನ್ನು ಗಿಡ್ಡ ಮಾಡಿದವರ ಮೂಲೆಗಂಬಗಳು ಮೇಲೇಳುವುದು ಇದಕ್ಕೇ.

ಆಮೇಲೆ ಓರೆ ತಂತಿ. ಇಲ್ಲಿಯೇ ಬಹಳ ಜನ ಎಡವುತ್ತಾರೆ. ಓರೆ ತಂತಿ ಮೂಲೆಗಂಬದ ಬುಡದಿಂದ ಹೊರಟು ಆಸರೆಗಂಬದ ತುದಿಗೆ ಹೋಗಬೇಕು. ಉಲ್ಟಾ ಕಟ್ಟಿದರೆ ಕೆಲಸಕ್ಕೇ ಬರುವುದಿಲ್ಲ. ಬೇಲಿಯ ತಂತಿ ಮೂಲೆಗಂಬದ ತಲೆಯನ್ನು ಸಾಲಿನ ಕಡೆಗೆ ಎಳೆಯುತ್ತದೆ. ಅಡ್ಡಮರ ಆ ಬಲವನ್ನು ಆಸರೆಗಂಬದ ತಲೆಗೆ ದಾಟಿಸುತ್ತದೆ. ಆ ತಲೆ ಮುಂದಕ್ಕೆ ಹೋಗದಂತೆ ಓರೆ ತಂತಿ ಅದನ್ನು ಮೂಲೆಗಂಬದ ಬುಡಕ್ಕೆ ಕಟ್ಟಿಹಾಕುತ್ತದೆ. ಬಲ ಹೀಗೆ ಸುತ್ತಿ ನೆಲಕ್ಕೆ ಇಳಿಯುತ್ತದೆ. ನಯವಾದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ತಂತಿಯನ್ನು ಎರಡು ಸುತ್ತು ಹಾಕಿ, ನಡುವೆ ಒಂದು ಗಟ್ಟಿ ಕೋಲು ತೂರಿಸಿ, ತಿರುಚಿ ಬಿಗಿ ಮಾಡಿ, ಕೋಲನ್ನು ಅಡ್ಡಮರಕ್ಕೆ ಕಟ್ಟಿಬಿಟ್ಟೆವು. ಕೋಲನ್ನು ತೆಗೆಯಬಾರದು. ಮುಂದೆ ಸಡಿಲವಾದರೆ ಇನ್ನೆರಡು ಸುತ್ತು ತಿರುಚಲು ಅದೇ ಬೇಕು.

ಗುಂಡಿ ತುಂಬುವಾಗ ಕಾಂಕ್ರೀಟ್ ಬಳಸಲಿಲ್ಲ. ತಳದಲ್ಲಿ ಜಲ್ಲಿ, ಮೇಲೆ ಒಂದೊಂದು ಗೇಣು ಮಣ್ಣು ಹಾಕಿ ಹಾರೆಯ ಮೊಂಡುತುದಿಯಿಂದ ದಮ್ಮಸ್ಸು. ಗುಂಡಿ ಪೂರ್ತಿ ತುಂಬಿ ಮೇಲಿನಿಂದ ಒಂದೇ ಸಲ ತುಳಿದರೆ ಕೆಳಗಿನ ಮಣ್ಣು ಸಡಿಲವಾಗಿಯೇ ಉಳಿಯುತ್ತದೆ. ಸರಿಯಾಗಿ ದಮ್ಮಸ್ಸು ಮಾಡಿದರೆ ತೋಡಿದ ಮಣ್ಣೆಲ್ಲ ಬಹುತೇಕ ಅದೇ ಗುಂಡಿಗೆ ಹಿಡಿಸುತ್ತದೆ, ಕಂಬದ ಜಾಗ ಹೋದರೂ. ಬುಡದ ಸುತ್ತ ನೀರು ಹೊರಗೆ ಹರಿಯುವಂತೆ ಸ್ವಲ್ಪ ದಿಣ್ಣೆ ಮಾಡಿದೆವು. ಒಂದು ಮೂಲೆಯ ಮಣ್ಣು ಮರಳು ಮರಳಾಗಿತ್ತು. ಅಲ್ಲಿ ಮಾತ್ರ ಎರಡೂ ದಿಕ್ಕಿಗೆ ಇನ್ನೊಂದೊಂದು ಆಸರೆಗಂಬ ಸೇರಿಸಿ ಜೋಡಿ ಎಚ್ ಕಟ್ಟಿದೆವು.

ಗೇಟನ್ನು ನಡುಬದಿಯಿಂದ ಮೂಲೆಯ ಹತ್ತಿರಕ್ಕೆ ತಂದೆವು. ದನಗಳನ್ನು ಅಟ್ಟುವಾಗ ಅವು ಬೇಲಿ ಹಿಡಿದೇ ನಡೆಯುತ್ತವೆ. ಗೇಟು ಮೂಲೆಯಲ್ಲಿದ್ದರೆ ತಾವಾಗೇ ಅದಕ್ಕೆ ಬಂದು ಸೇರುತ್ತವೆ, ನಡುವೆ ಇದ್ದರೆ ದಾಟಿ ಮುಂದೆ ಹೋಗಿಬಿಡುತ್ತವೆ.

ಸಾಲು, ತಗ್ಗು, ತೋಡು

ಸಾಲಿನ ಕಂಬಗಳ ನಡುವೆ 4.5 ಮೀಟರ್ ಅಂತರ. ದಪ್ಪ 10ರಿಂದ 12 ಸೆಂಟಿಮೀಟರ್, 70 ಸೆಂಟಿಮೀಟರ್ ನೆಲದೊಳಗೆ. ಎರಡು ಮೂಲೆಗಳ ನಡುವೆ ಮೊದಲು ಕೆಳಗಿನ ಒಂದೆಳೆ ತಂತಿ ಎಳೆದು, ಅದನ್ನೇ ಗೆರೆ ಮಾಡಿಕೊಂಡು ಕಂಬ ನೆಟ್ಟೆವು. ಮರಗಳಿಂದ ಒಂದು ಮೀಟರ್ ಈಚೆಗೆ ಸಾಲು ಸರಿಸಿದೆವು. ಸ್ವಲ್ಪ ಜಾಗ ಹೋಯಿತು, ಹೋಗಲಿ.

ಹತ್ತಕ್ಕೆ ಒಂದು ಕಂಬವನ್ನು ಕಬ್ಬಿಣದ್ದು ಹಾಕಿದೆವು. ಇದು ಸಿಡಿಲಿಗೆ. ಮರದ ಕಂಬಗಳ ಮೇಲೆ ನಿಂತ ತಂತಿಗೆ ಸಿಡಿಲು ಬಡಿದರೆ ಅದು ನೆಲಕ್ಕಿಳಿಯಲು ದಾರಿ ಇಲ್ಲದೆ ಬೇಲಿಯುದ್ದಕ್ಕೂ ಓಡುತ್ತದೆ. ಮಳೆಗಾಳಿಗೆ ದನಗಳು ಬೇಲಿಯ ಪಕ್ಕ ಗುಂಪಾಗಿ ನಿಲ್ಲುವುದು ಮಾಮೂಲು. 45 ಮೀಟರಿಗೊಂದು ಕಬ್ಬಿಣದ ಕಂಬ ತೇವದ ಮಣ್ಣಿಗೆ ಇಳಿದು, ಎಲ್ಲ ಎಳೆಗಳೂ ಅದಕ್ಕೆ ತಾಗಿದ್ದರೆ ಅಪಾಯ ಬಹಳ ಕಡಿಮೆ.

ತಗ್ಗಿನ ಕಂಬವನ್ನು ಮೂಲೆಗಂಬದಷ್ಟೇ ಆಳಕ್ಕೆ ಇಳಿಸಿದೆವು. ಬುಡಕ್ಕೆ ಅಡ್ಡವಾಗಿ ಒಂದು ಮರದ ತುಂಡನ್ನು ಬೋಲ್ಟ್ ಹಾಕಿ ಮಣ್ಣು ತುಂಬಿದೆವು. ಈಗ ಕಂಬ ಮೇಲೇಳಬೇಕಾದರೆ ಆ ತುಂಡಿನ ಮೇಲಿನ ಮಣ್ಣನ್ನೆಲ್ಲ ಎತ್ತಬೇಕು. ತೋಡಿನ ಮೇಲೆ ಬೇಲಿಯ ತಂತಿಗಳು ನೇರವಾಗಿ ಹಾದುಹೋಗುತ್ತವೆ. ಕೆಳಗಿನ ಖಾಲಿ ಜಾಗಕ್ಕೆ ಮರದ ಪಟ್ಟಿಗಳನ್ನು ಒಂದು ಬೇರೆ ತಂತಿಯಿಂದ ಪರದೆಯ ಹಾಗೆ ಇಳಿಬಿಟ್ಟೆವು. ನೆರೆ ಬಂದಾಗ ಕಸಕಡ್ಡಿ ತಳ್ಳಿದರೆ ಪರದೆ ಮೇಲೆದ್ದು ದಾರಿ ಬಿಡಬೇಕು. ತೀರಾ ಜಾಸ್ತಿಯಾದರೆ ಅದೊಂದೇ ಕಿತ್ತುಹೋಗಬೇಕು. ತೋಡಿನೊಳಗೆ ಬೇಲಿಯ ತಂತಿಯನ್ನೇ ಇಳಿಸಿ ಕಟ್ಟಿದರೆ ಕೊಚ್ಚಿಬಂದ ಒಂದು ಕೊಂಬೆ ಇಡೀ ಬದಿಯನ್ನೇ ಎಳೆದುಕೊಂಡು ಹೋಗುತ್ತದೆ.

ತಂತಿ

ಎರಡು ತಂತಿ ತಿರುಚಿ, ಮುಳ್ಳು ಜಾರದಂತೆ ನಡುವೆ ಸಿಕ್ಕಿಸುವ ಉಪಾಯಕ್ಕೆ 1874ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ರೈತ ಜೋಸೆಫ್ ಗ್ಲಿಡನ್ ಪೇಟೆಂಟ್ ಪಡೆದ. ನೂರೈವತ್ತು ವರ್ಷವಾದರೂ ತಂತಿಯ ರೂಪ ಹೆಚ್ಚು ಬದಲಾಗಿಲ್ಲ. ಬದಲಾಗುವುದು ಅದರ ಮೇಲಿನ ಸತುವಿನ ಲೇಪ. ಕೊಳ್ಳುವಾಗ ಕೇಳಬೇಕಾದದ್ದೂ ಅದನ್ನೇ.

ಹಳೆಯ ತಂತಿಯಲ್ಲಿ ಮುಳ್ಳು ಸುತ್ತಿದ ಜಾಗದಲ್ಲೆಲ್ಲ ಕೆಂಪು ತುಕ್ಕು ಬಂದಿತ್ತು. ಅಲ್ಲಿ ನೀರು ನಿಲ್ಲುವುದರಿಂದ ತುಕ್ಕು ಶುರುವಾಗುವುದೇ ಅಲ್ಲಿಂದ. ತೆಳು ಲೇಪದ ತಂತಿಯಲ್ಲಿ ಒಂದು ಚದರ ಮೀಟರಿಗೆ 85 ಗ್ರಾಂ ಸತು ಇದ್ದರೆ ಲೇಪದ ದಪ್ಪ ಸುಮಾರು 12 ಮೈಕ್ರಾನ್. ದಪ್ಪ ಲೇಪದ ತಂತಿಯಲ್ಲಿ 240 ಗ್ರಾಂ, ಅಂದರೆ ಹತ್ತಿರ ಹತ್ತಿರ 34 ಮೈಕ್ರಾನ್. ಹಳ್ಳಿಗಾಡಿನ ಶುದ್ಧ ಗಾಳಿಯಲ್ಲಿ ಸತು ವರ್ಷಕ್ಕೆ ಒಂದು ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಸವೆಯುತ್ತದೆ. ಕಡಲ ಹತ್ತಿರ, ಕಾರ್ಖಾನೆ ಹೊಗೆಯ ಕಡೆ ಇದರ ಹಲವು ಪಟ್ಟು. ಎರಡೂ ತಂತಿ ಅಂಗಡಿಯಲ್ಲಿ ಒಂದೇ ಥರ ಹೊಳೆಯುತ್ತವೆ. ಅದಕ್ಕೇ ಲೇಪದ ಗ್ರಾಂ ಕೇಳದೆ ಕೊಳ್ಳಬಾರದು.

ಹೊಸ ಬೇಲಿಗೆ ಐದು ಎಳೆ. ನೆಲದಿಂದ 30, 50, 70, 95 ಮತ್ತು 120 ಸೆಂಟಿಮೀಟರ್ ಎತ್ತರದಲ್ಲಿ. ಕೆಳಗೆ ಒತ್ತಾಗಿರುವುದು ಕರುಗಳಿಗಾಗಿ. ಸುತ್ತಳತೆ 580 ಮೀಟರ್, ಐದು ಎಳೆಗೆ 2,900 ಮೀಟರ್. 400 ಮೀಟರಿನ ಎಂಟು ಬಂಡಲ್ ತರಿಸಿದೆವು.

ತಂತಿಯನ್ನು ಒಂದು ಮೂಲೆ ಸುತ್ತಿಸಿ ಮುಂದಿನ ಬದಿಗೆ ಒಯ್ಯಲಿಲ್ಲ. ಪ್ರತಿ ಬದಿಯ ತಂತಿಯೂ ಅದರ ಮೂಲೆಗಂಬಕ್ಕೇ ಒಂದು ಸುತ್ತು ಹಾಕಿ, ತನ್ನ ಮೇಲೇ ಸುತ್ತಿಕೊಂಡು ಮುಗಿಯುತ್ತದೆ. ಒಂದು ಬದಿಯಲ್ಲಿ ತುಂಡಾದರೆ ಉಳಿದ ಮೂರು ಬದಿಗೆ ಏನೂ ಆಗುವುದಿಲ್ಲ. ದನಗಳು ಇರುವ ಕಡೆಗೇ ತಂತಿ ಬರುವಂತೆ ಕಂಬದ ಒಳಬದಿಗೆ ಹೊಡೆದೆವು. ಹೊರಬದಿಗೆ ಹೊಡೆದರೆ ದನದ ಭಾರವೆಲ್ಲ ಮೊಳೆಯ ಮೇಲೆ. ಒಳಬದಿಯಲ್ಲಿದ್ದರೆ ಕಂಬದ ಮೇಲೆ.

ಬಿಗಿಯಲು ಟ್ರ್ಯಾಕ್ಟರ್ ತರುತ್ತೇನೆ ಎಂದು ಹುಡುಗ ಹೊರಟಿದ್ದ. ಬೇಡ ಎಂದೆ. ಈ ತಂತಿ ತುಂಡಾಗುವುದು ಸುಮಾರು 430 ಕೆಜಿ ಎಳೆತಕ್ಕೆ, ಟ್ರ್ಯಾಕ್ಟರಿನಲ್ಲಿ ಕೂತವನಿಗೆ ಅದು ಗೊತ್ತೇ ಆಗುವುದಿಲ್ಲ. ತುಂಡಾದ ಮುಳ್ಳುತಂತಿ ಸುರುಳಿ ಸುತ್ತಿಕೊಂಡು ಹಿಂದಕ್ಕೆ ಬರುವ ವೇಗ ಕಂಡವರು ಅದರ ಸಾಲಿನಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿ ಹಲ್ಲುಹಲ್ಲಾಗಿ ಎಳೆಯುವ ಪುಲ್ಲರ್ ಸಾಕು. ದಪ್ಪ ಚರ್ಮದ ಗ್ಲೌಸ್, ಕಣ್ಣಿಗೆ ಕನ್ನಡಕ, ಉದ್ದ ತೋಳಿನ ಅಂಗಿ ಬೇಕೇ ಬೇಕು. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ವರ್ಷಗಳಾಗಿದ್ದರೆ ಅದನ್ನೂ ನೋಡಿಕೊಳ್ಳಿ.

110 ಕೆಜಿ ಆಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಒಂದು ಸ್ಪ್ರಿಂಗ್ ತಕ್ಕಡಿ ಇದ್ದರೆ ಆಯಿತು. ಮೊಳೆ ಸಡಿಲವಿರುವಾಗ, 4.5 ಮೀಟರ್ ಅಂತರದ ಎರಡು ಕಂಬಗಳ ನಟ್ಟನಡುವೆ ತಂತಿಗೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ 5 ಸೆಂಟಿಮೀಟರ್ ಪಕ್ಕಕ್ಕೆ ಎಳೆಯಬೇಕು. ಅದಕ್ಕೆ 5 ಕೆಜಿ ಆಸುಪಾಸು ಬಲ ಬೇಕಾದರೆ ಬಿಗಿ ಸರಿಯಾಗಿದೆ. 2 ಕೆಜಿಗೇ ಬಂದರೆ ಸಡಿಲ. 8 ಕೇಳಿದರೆ ಅತಿಯಾಯಿತು.

ಅತಿ ಯಾಕೆ ಬೇಡ ಎಂದರೆ ಚಳಿ. ಉಕ್ಕಿನ ತಂತಿ 30 ಡಿಗ್ರಿ ತಣ್ಣಗಾದರೆ 180 ಮೀಟರಿನಲ್ಲಿ 6.5 ಸೆಂಟಿಮೀಟರ್ ಕುಗ್ಗಲು ನೋಡುತ್ತದೆ. ಎರಡೂ ತುದಿ ಕಟ್ಟಿದ್ದರಿಂದ ಕುಗ್ಗಲಾಗುವುದಿಲ್ಲ, ಬಿಗಿ ಏರುತ್ತದೆ. ಸುಡುಬಿಸಿಲಿನ ಮಧ್ಯಾಹ್ನ 110 ಕೆಜಿ ಇದ್ದದ್ದು ಚಳಿಗಾಲದ ಬೆಳಗಿನ ಜಾವಕ್ಕೆ 170ರ ಹತ್ತಿರ ಹೋಗಬಹುದು. ಐದು ಎಳೆಗೆ 850. ಮೂಲೆಯನ್ನು ಅಷ್ಟಕ್ಕೂ ತಯಾರು ಮಾಡಿರಬೇಕು. ತಂಪು ಹೊತ್ತಿನಲ್ಲಿ ಬಿಗಿದರೆ ಇದರ ಉಲ್ಟಾ ಆಗುತ್ತದೆ, ಬಿಸಿಲಿಗೆ ಅರ್ಧಕ್ಕಿಂತ ಜಾಸ್ತಿ ಬಿಗಿ ಇಳಿಯುತ್ತದೆ. ಆಗ ಗಾಬರಿಯಾಗಿ ಮತ್ತೆ ಬಿಗಿಯಬಾರದು.

ಒಂದೆಳೆಯನ್ನು ಪೂರ್ತಿ ಬಿಗಿದು ಮುಂದಿನದಕ್ಕೆ ಹೋದರೆ, ಮೂಲೆ ಸ್ವಲ್ಪ ಕೂರುತ್ತಾ ಮೊದಲಿನದು ಸಡಿಲವಾಗುತ್ತದೆ. ಹಾಗಾಗಿ ಐದನ್ನೂ ಅರ್ಧ ಬಿಗಿದು, ಎರಡನೇ ಸುತ್ತಿನಲ್ಲಿ ಪೂರ್ತಿ ಮಾಡಿದೆವು. ಯು-ಮೊಳೆಗಳನ್ನು ಕಂಬದ ನಾರಿನ ಗೆರೆಗೆ ಸ್ವಲ್ಪ ಓರೆಯಾಗಿ ಹೊಡೆಯಬೇಕು. ನೇರ ಹೊಡೆದರೆ ಎರಡೂ ಕಾಲು ಒಂದೇ ಸೀಳಿಗೆ ಇಳಿದು ಹಿಡಿತ ತಪ್ಪುತ್ತದೆ. ತಂತಿಯನ್ನು ಮರಕ್ಕೆ ಕಚ್ಚಿಸಲೂಬಾರದು. ಮೊಳೆಯೊಳಗೆ ತಂತಿ ಜಾರುವಷ್ಟು ಸಂದು ಬಿಡಬೇಕು. ಆಗ ಒಂದು ಕಡೆ ಹಸು ಒತ್ತಿದರೆ ಆ ಏಟನ್ನು ಇಡೀ 180 ಮೀಟರ್ ತಂತಿ ಹಂಚಿಕೊಳ್ಳುತ್ತದೆ. ಕಚ್ಚಿಸಿಬಿಟ್ಟರೆ ಆ 4.5 ಮೀಟರ್ ಒಂದೇ ತಿನ್ನಬೇಕು. ಕಂಬಗಳ ನಡುವೆ ಎಳೆಗಳು ಅಗಲವಾಗದಂತೆ ಒಂದೊಂದು ತೆಳು ಮರದ ಪಟ್ಟಿ ಕಟ್ಟಿದೆವು. ಇದರ ಬುಡ ನೆಲಕ್ಕೆ ತಾಗಬಾರದು. ಕಡಸುಗಳು ತಲೆ ತೂರಿಸುವುದು ನಿಂತದ್ದು ಮುಖ್ಯವಾಗಿ ಈ ಪಟ್ಟಿಯಿಂದಲೇ ಎಂದು ನನ್ನ ಅಂದಾಜು.

ಹಳೆ ತಂತಿಯ ಚೂರುಗಳು

ಹಳೆಯ ತಂತಿಯನ್ನು ಸುತ್ತಿ ಹೊರಗೆ ಹಾಕಿದ ಮೇಲೂ ಒಂದು ಕೆಲಸ ಉಳಿದಿತ್ತು, ಬೇಲಿಗೆ ಅದು ಸಂಬಂಧವಿಲ್ಲ ಎಂದು ಜನ ಬಿಟ್ಟುಬಿಡುತ್ತಾರೆ. ಹುಲ್ಲಿನಲ್ಲಿ ಬಿದ್ದ ತಂತಿಯ ತುಂಡು, ಮೊಳೆ ಹೆಕ್ಕುವುದು. ದನ ಹುಲ್ಲನ್ನು ಅಗಿದು ಆರಿಸಿ ನುಂಗುವುದಿಲ್ಲ, ನಾಲಿಗೆಯಿಂದ ಸುತ್ತಿ ಒಳಗೆ ಎಳೆಯುತ್ತದೆ. ತಂತಿಯ ಚೂರು ಹೊಟ್ಟೆಯ ಎರಡನೇ ಕೋಣೆಯಲ್ಲಿ ಕೂರುತ್ತದೆ. ಆ ಕೋಣೆ ಇರುವುದು ಹೃದಯಕ್ಕೆ ತೀರಾ ಹತ್ತಿರ. ಚೂರು ಗೋಡೆ ತೂತು ಮಾಡಿ ಮುಂದಕ್ಕೆ ಹೋದರೆ ಹಸು ಮೇವು ಬಿಡುತ್ತದೆ, ಬೆನ್ನು ಗೂನು ಮಾಡಿ ನಿಲ್ಲುತ್ತದೆ, ಹಾಲು ಇಳಿಯುತ್ತದೆ. ತಂತಿ ಹೃದಯದ ಚೀಲಕ್ಕೆ ತಾಗಿದರೆ ಬದುಕುವುದು ಕಷ್ಟ. ಹಗ್ಗ ಕಟ್ಟಿದ ದೊಡ್ಡ ಅಯಸ್ಕಾಂತವನ್ನು ಹಳೆ ಬೇಲಿಯ ಗೆರೆಯುದ್ದಕ್ಕೂ ಎಳೆದಾಗ ಒಂದು ಡಬ್ಬಿ ತುಂಬ ಮೊಳೆ, ತಂತಿ ಸಿಕ್ಕಿತು. ಹೊಸ ತಂತಿ ಕತ್ತರಿಸುವಾಗಲೂ ಬಿದ್ದ ತುಂಡನ್ನು ಆಗಲೇ ಜೇಬಿಗೆ ಹಾಕಿಕೊಳ್ಳುವ ನಿಯಮ ಮಾಡಿದೆವು.

ಎರಡು ಮಳೆಗಾಲದ ನಂತರ

ಮೂಲೆಗಳಿಗೆ ಮತ್ತೆ ತೂಗುಗುಂಡು ಹಿಡಿದು ನೋಡಿದೆವು. ಮೂರು ಮೂಲೆಗಳಲ್ಲಿ ಹೇಳುವಂಥ ವಾಲು ಇಲ್ಲ. ಮರಳು ಮಣ್ಣಿನ ಮೂಲೆ ಒಂದೂವರೆ ಸೆಂಟಿಮೀಟರ್ ಒಳಕ್ಕೆ ಬಂದಿದೆ. ಅಲ್ಲಿನ ಓರೆ ತಂತಿಯ ಕೋಲನ್ನು ಎರಡು ಸುತ್ತು ತಿರುಚಿ ಬಿಟ್ಟೆವು.

ಒಂದು ಗಾಳಿಮಳೆಗೆ ದೊಡ್ಡ ಕೊಂಬೆಯೊಂದು ಬೇಲಿಯ ಮೇಲೆ ಬಿತ್ತು. ಮೇಲಿನ ಎರಡು ಎಳೆ ನೆಲಕ್ಕೆ ಒತ್ತಿಹೋಗಿದ್ದವು, ನಾಲ್ಕಾರು ಮೊಳೆ ಕಿತ್ತಿದ್ದವು. ಕೊಂಬೆ ತೆಗೆದ ಕೂಡಲೇ ತಂತಿ ಬಹುತೇಕ ತನ್ನ ಜಾಗಕ್ಕೆ ಬಂತು. ಮೊಳೆ ಹೊಡೆದರೆ ಸಾಕಾಯಿತು.

ತೋಡಿನ ಪರದೆ ಮಾತ್ರ ಇನ್ನೂ ತಲೆನೋವು. ಮೊದಲ ನೆರೆಗೆ ಪಟ್ಟಿಗಳ ನಡುವೆ ಹುಲ್ಲು, ಬಳ್ಳಿ ಸಿಕ್ಕಿಕೊಂಡು ಪರದೆ ಮೇಲೇಳಲೇ ಇಲ್ಲ, ಕಿತ್ತುಹೋಯಿತು. ಬೇಲಿ ಉಳಿಯಿತು, ಆದರೆ ಆ ರಾತ್ರಿ ಒಂದು ಕರು ಅಲ್ಲಿಂದ ಹೊರಗೆ ಹೋಯಿತು. ಈಗ ಪಟ್ಟಿಗಳ ಅಂತರ ಹೆಚ್ಚಿಸಿದ್ದೇವೆ. ಮಳೆ ಜೋರಾದ ಮಾರನೇ ದಿನ ಬೆಳಗ್ಗೆ ಅಲ್ಲಿಗೆ ಹೋಗಿ ಕಸ ತೆಗೆಯುವುದು ಹುಡುಗನ ಕೆಲಸ.

ಹೊರಗಿನ ಹುಲ್ಲು ಒಳಗಿನದಕ್ಕಿಂತ ಹಸಿರಾಗಿದ್ದಾಗ ದನಗಳು ಈಗಲೂ ಬೇಲಿಗೆ ಕುತ್ತಿಗೆ ಕೊಡುತ್ತವೆ. ಬೇಲಿಯ ಹೊರಗೆ ಒಂದು ಮೀಟರ್ ಹುಲ್ಲು ಕೊಯ್ದಿಟ್ಟರೆ ಅದು ಕಡಿಮೆಯಾಗುತ್ತದೆ. ತಂತಿಗೆ ಹಬ್ಬುವ ಬಳ್ಳಿಯೂ ಆಗ ಕಣ್ಣಿಗೆ ಬೀಳುತ್ತದೆ. ಅರ್ಧ ಬಂಡಲ್ ತಂತಿ ಉಳಿದಿದೆ. ಅದರಿಂದ ಹುಲ್ಲುಗಾವಲನ್ನು ಒಳಗೆ ಎರಡು ಭಾಗ ಮಾಡೋಣವೇ ಎಂದು ಯಜಮಾನರು ಕೇಳಿದರು. ಒಳಗಿನ ಭಾಗಕ್ಕೆ ಮುಳ್ಳುತಂತಿ ಬೇಡ, ಅಲ್ಲಿ ಒಂದೆಳೆ ನಯವಾದ ವಿದ್ಯುತ್ ತಂತಿ ಸಾಕು ಎಂದಿದ್ದೇನೆ. ಅರ್ಧ ಬಂಡಲ್ ರಿಪೇರಿಗೆ ಇರಲಿ.